ರೋಪ್ ಮೊದಲೇ ಹೇಳುತ್ತೆ, ಕೇಳೋರು ಮೇಲೆ ಹತ್ತಬೇಕು

(ಮಾರ್ಚ್ 4ಕ್ಕೆ, ಸುರಕ್ಷತಾ ದಿನದ ಲೆಕ್ಕದಲ್ಲಿ, ತುಮಕೂರು ಹತ್ರ ಒಂದು ಫ್ಯಾಬ್ರಿಕೇಶನ್ ಶೆಡ್‌ನಲ್ಲಿ ಆಡಿದ ಮಾತು. ಮುಂದೆ ಕೂತಿದ್ದೋರು ಐಟಿಐ ಹುಡುಗ್ರು, ಕ್ರೇನ್ ಆಪರೇಟರ್‌ಗಳು, ಒಂದಷ್ಟು ಸೂಪರ್‌ವೈಸರ್‌ಗಳು. ಒಬ್ಬ ಹುಡುಗ ಫೋನಲ್ಲಿ ರೆಕಾರ್ಡ್ ಮಾಡಿ ಟೈಪ್ ಮಾಡಿ ಕಳಿಸಿದ್ದ. ಮೈಕ್ ಕೈಕೊಟ್ಟಿದ್ದು, ನಾನು ಕೆಮ್ಮಿದ್ದು ಬಿಟ್ಟು ಉಳಿದಿದ್ದು ಹೆಚ್ಚುಕಮ್ಮಿ ಹಾಗೇ ಇದೆ.)

ನಮಸ್ಕಾರ ಎಲ್ರಿಗೂ. ಹತ್ತೂವರೆಗೆ ಶುರುವಾಗಬೇಕಾಗಿದ್ದು ಹನ್ನೊಂದಾಯ್ತು, ಅದಕ್ಕೆ ಕಾರಣ ನಾನೇ. ಒಳಗೆ ಬಂದು ನೋಡಿದ್ರೆ ಕುರ್ಚಿ ನೀಟಾಗಿ ಹಾಕಿದ್ರಿ, ಬ್ಯಾನರ್ ಕಟ್ಟಿದ್ರಿ, ಬ್ಯಾನರ್ ಮೇಲೆ ಸುರಕ್ಷತೆ ಮೊದಲು ಅಂತ ದಪ್ಪಕ್ಷರದಲ್ಲಿದೆ, ಆದ್ರೆ ಮೂರನೇ ಸಾಲಿನ ಕುರ್ಚಿಗಳ ನೆತ್ತಿ ಮೇಲೆ ಸರಿಯಾಗಿ ಹತ್ತು ಟನ್ ಕ್ರೇನಿನ ಹುಕ್ಕು ನೇತಾಡ್ತಿದೆ. ಇದನ್ನ ಆ ತುದಿಗೆ ಓಡ್ಸಿ ಮೇನ್ ಆಫ್ ಮಾಡಿ ಆಮೇಲೆ ಕೂರೋಣ ಅಂದೆ. ಆಪರೇಟರ್ ಟೀ ಕುಡಿಯೋಕೆ ಹೋಗಿದ್ರು, ಅವ್ರು ಬರೋ ತನಕ ಕಾದ್ವಿ, ಅಷ್ಟೇ ಆಗಿದ್ದು. ಖಾಲಿ ಹುಕ್ಕು ಸರ್, ಏನಾಗುತ್ತೆ ಅಂತ ಒಬ್ರು ಕೇಳಿದ್ರು. ಏನೂ ಆಗಲ್ಲ, ಬಹುಶಃ. ಆದ್ರೆ ಇಪ್ಪತ್ತಾರು ವರ್ಷ ಕ್ರೇನ್ ತಪಾಸಣೆ ಮಾಡಿ ಸರ್ಟಿಫಿಕೇಟ್ ಕೊಡೋ ಕೆಲ್ಸ ಮಾಡಿದ್ಮೇಲೆ ನನಗೆ ತೂಗಾಡ್ತಿರೋ ವಸ್ತುವಿನ ಕೆಳಗೆ ಕೂತು ಮಾತಾಡೋಕೆ ಬಾಯೇ ಬರಲ್ಲ.

ಇವತ್ತು ಮಾರ್ಚ್ 4. ನ್ಯಾಷನಲ್ ಸೇಫ್ಟಿ ಕೌನ್ಸಿಲ್ 1966ರಲ್ಲಿ ಹುಟ್ಟಿದ್ದು ಇದೇ ತಾರೀಖು, ಅದಕ್ಕೇ ಬ್ಯಾಡ್ಜು, ಪ್ರತಿಜ್ಞೆ, ಸ್ವೀಟು. ನನಗೆ ಮಾತ್ರ ಈ ತಾರೀಖು ಬಂದ್ರೆ ಬೇರೆ ಏನೋ ನೆನಪಾಗುತ್ತೆ. 2008ರ ಮಾರ್ಚ್ 4, ನ್ಯೂಯಾರ್ಕ್. ಈಸ್ಟ್ 51ನೇ ಸ್ಟ್ರೀಟಲ್ಲಿ ದೊಡ್ಡದೊಂದು ಬಿಲ್ಡಿಂಗ್ ಏಳ್ತಿದೆ, ಅದಕ್ಕೆ ಒರಗಿಸಿ ಟವರ್ ಕ್ರೇನ್ ನಿಲ್ಸಿದಾರೆ. ಯಾರೋ ಫೋನ್ ಮಾಡಿ ಕಂಪ್ಲೇಂಟ್ ಕೊಡ್ತಾರೆ, ಈ ಕ್ರೇನನ್ನ ಬಿಲ್ಡಿಂಗ್‌ಗೆ ಕಟ್ಟಿರೋದು ಸಾಲ್ದು ಅನ್ಸುತ್ತೆ ಅಂತ. ಸಿಟಿ ಇನ್ಸ್‌ಪೆಕ್ಟರು ಹೋಗಿ ನೋಡ್ಕೊಂಡು ಬಂದೆ, ಎಲ್ಲ ಸರಿ ಇದೆ ಅಂತ ಬರೆದುಬಿಡ್ತಾರೆ. ಹನ್ನೊಂದು ದಿನ ಆದ್ಮೇಲೆ, 15ನೇ ತಾರೀಖು, ಆ ಕ್ರೇನ್ ಬಿತ್ತು. ಏಳು ಜನ ಹೋದ್ರು. ಅವತ್ತು ಅಲ್ಲಿಗೆ ಹೋಗ್ದೇನೇ ರಿಪೋರ್ಟ್ ಬರೆದಿದಾನೆ ಅನ್ನೋ ಆರೋಪದ ಮೇಲೆ ಆ ಇನ್ಸ್‌ಪೆಕ್ಟರನ್ನ ಅರೆಸ್ಟ್ ಮಾಡಿದ್ರು.

ಇಷ್ಟು ಹೇಳಿ ನಿಲ್ಸಿದ್ರೆ ಕಥೆ ಚೆನ್ನಾಗಿರುತ್ತೆ, ಎಲ್ರೂ ಆ ಇನ್ಸ್‌ಪೆಕ್ಟರನ್ನ ಬೈದ್ಕೊಂಡು ಮನೆಗೆ ಹೋಗಬಹುದು. ಆದ್ರೆ ನಿಜ ಏನಪ್ಪ ಅಂದ್ರೆ, ಅವನು 4ನೇ ತಾರೀಖು ಪ್ರಾಮಾಣಿಕವಾಗಿ ಹೋಗಿ ನೋಡಿದ್ರೂ 15ರ ದುರಂತ ಬಹುಶಃ ತಪ್ತಿರ್ಲಿಲ್ಲ, ಆಗಿನ ಅಧಿಕಾರಿಗಳೂ ಅದನ್ನೇ ಹೇಳಿದ್ರು. ಯಾಕಂದ್ರೆ ಅವತ್ತು ಕ್ರೇನನ್ನ ಎತ್ತರ ಮಾಡೋ ಕೆಲಸ ನಡೀತಿತ್ತು, ಟವರ್ ಸುತ್ತ ಹಾಕೋ ಸುಮಾರು ಐದು ಟನ್ ತೂಕದ ಉಕ್ಕಿನ ಕಾಲರನ್ನ ಪಾಲಿಯೆಸ್ಟರ್ ಬೆಲ್ಟಲ್ಲಿ ಕಟ್ಟಿ ಹಿಡಿದಿದ್ರು. ನಾಲ್ಕು ಬೆಲ್ಟು. ಅದ್ರಲ್ಲಿ ಒಂದು ಹಳೇದು, ಸವೆದಿದ್ದು. ಬೆಲ್ಟ್ ಕಿತ್ಕೊಂಡು ಹೋಯ್ತು, ಕಾಲರ್ ಟವರ್ ಉದ್ದಕ್ಕೂ ಜಾರಿ ಬಂದು ಕೆಳಗಿದ್ದ ಇನ್ನೊಂದು ಕಾಲರನ್ನೂ ಹೊಡ್ಕೊಂಡು ಹೋಯ್ತು, ಹಿಡ್ಕೊಳೋಕೆ ಏನೂ ಇಲ್ದೇ ಕ್ರೇನ್ ವಾಲ್ಕೊಂಡ್ತು. ಅಂದ್ರೆ ನೋಡಬೇಕಾಗಿದ್ದು ಆ ಬೆಳಿಗ್ಗೆ, ನೋಡಬೇಕಾಗಿದ್ದೋರು ಆ ಬೆಲ್ಟ್ ಕಟ್ಟಿದ ಕೈಗಳು. ನಾನು ಇವತ್ತು ಬಂದಿರೋದು ಇಷ್ಟನ್ನ ಹೇಳೋಕೇನೇ. ವರ್ಷಕ್ಕೊಂದ್ಸಲ ನಾನು ಬಂದು ನೋಡೋದು ಬೇರೆ, ದಿನಾ ಬೆಳಿಗ್ಗೆ ನೀವು ನೋಡೋದು ಬೇರೆ, ಒಂದು ಇನ್ನೊಂದರ ಜಾಗದಲ್ಲಿ ಕೂರಲ್ಲ.

ಕಾನೂನು ಬೇಗ ಮುಗಿಸಿಬಿಡ್ತೀನಿ, ನಿದ್ದೆ ಬರೋ ಭಾಗ ಅದು. 1948ರ ಫ್ಯಾಕ್ಟರೀಸ್ ಆಕ್ಟಲ್ಲಿ ಸೆಕ್ಷನ್ 29 ಅಂತಿದೆ. ಕ್ರೇನು, ವಿಂಚು, ಚೈನ್ ಕಪ್ಪಿ, ರೋಪು, ಚೈನು ಎಲ್ಲದನ್ನೂ ಹನ್ನೆರಡು ತಿಂಗಳಿಗೆ ಒಂದ್ಸಲನಾದ್ರೂ ಸಮರ್ಥ ವ್ಯಕ್ತಿ, ಅಂದ್ರೆ ಇಲಾಖೆ ಮಾನ್ಯತೆ ಕೊಟ್ಟಿರೋ ಕಾಂಪಿಟೆಂಟ್ ಪರ್ಸನ್, ಕೂಲಂಕಷವಾಗಿ ನೋಡಬೇಕು. ಲಿಫ್ಟು, ಹಾಯಿಸ್ಟಿಗೆ ಸೆಕ್ಷನ್ 28, ಅಲ್ಲಿ ಆರು ತಿಂಗಳು. ಕ್ರೇನ್ ಓಡೋ ಟ್ರ್ಯಾಕ್ ಹತ್ರ ಯಾರಾದ್ರೂ ಕೆಲ್ಸ ಮಾಡ್ತಿದ್ರೆ ಕ್ರೇನು ಅವ್ರಿಂದ ಆರು ಮೀಟರ್ ಒಳಗೆ ಬರದ ಹಾಗೆ ನೋಡ್ಕೋಬೇಕು ಅನ್ನೋದೂ ಅದೇ ಸೆಕ್ಷನ್ 29ರಲ್ಲಿದೆ, ಪೇಂಟರ್‌ಗಳು ಮೇಲೆ ಕೂತಿರುವಾಗ ಇದನ್ನ ಎಷ್ಟು ಫ್ಯಾಕ್ಟರೀಲಿ ಪಾಲಿಸ್ತಾರೋ ದೇವರೇ ಬಲ್ಲ. ಕಟ್ಟಡದ ಸೈಟ್‌ಗಳಿಗೆ 1996ರ ಕಟ್ಟಡ ಕಾರ್ಮಿಕರ ಕಾಯ್ದೆ, ಅದರ ಕೆಳಗೆ 1998ರ ಕೇಂದ್ರ ನಿಯಮಗಳು. ಅಲ್ಲೂ ವರ್ಷಕ್ಕೊಂದ್ಸಲ ಪರೀಕ್ಷೆ, ಐದು ವರ್ಷಕ್ಕೊಂದ್ಸಲ ಅಥವಾ ದೊಡ್ಡ ರಿಪೇರಿ ಆದ್ಮೇಲೆ ಲೋಡ್ ಟೆಸ್ಟ್. ಈಗ 2020ರ ಹೊಸ ಸುರಕ್ಷತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದು ಇವೆರಡನ್ನೂ ನುಂಗ್ಕೊಂಡಿದೆ. ಸೆಕ್ಷನ್ ನಂಬರ್ ಬದಲಾಗುತ್ತೆ, ರೋಪು ಸವೆಯೋದು ಬದಲಾಗಲ್ಲ.

ಆ ಹಳೇ ಕಾಯ್ದೇಲಿ ಒಂದು ಮಾತು ಮಾತ್ರ ನನಗೆ ಬಹಳ ಇಷ್ಟ. ಕೂಲಂಕಷ ಪರೀಕ್ಷೆ ಅಂದ್ರೆ ಏನು ಅಂತ ವಿವರಣೆ ಕೊಡ್ತಾ, ಕಣ್ಣಲ್ಲಿ ನೋಡೋದು, ಬೇಕಾದ್ರೆ ಬೇರೆ ವಿಧಾನ ಸೇರ್ಸೋದು, ಬೇಕಾದ್ರೆ ಬಿಚ್ಚಿ ನೋಡೋದು ಅನ್ನೋ ಅರ್ಥದಲ್ಲಿ ಬರೆದಿದಾರೆ. ಮೊದಲು ಬಂದಿರೋದು ಕಣ್ಣು. ಮೆಷಿನ್ ಅಲ್ಲ, ಆಪ್ ಅಲ್ಲ.

ಕಣ್ಣಿನ ವಿಷ್ಯ ಬಂತಲ್ಲ, ನಮ್ಮ ದೊಡ್ಡಪ್ಪನ ಬಗ್ಗೆ ಹೇಳಲೇಬೇಕು. ಅವ್ರು ಕೆಜಿಎಫ್ ಗಣೀಲಿ ಇದ್ರು. ಗಣಿ ಮುಚ್ಚಿದ್ದು 2001ರಲ್ಲಿ, ಅವ್ರು ಅದಕ್ಕೂ ಮುಂಚೇನೇ ರಿಟೈರ್ ಆಗಿದ್ರು. ಮೂರು ಕಿಲೋಮೀಟರಿಗಿಂತ ಆಳದ ಗಣಿ, ಜನ ಇಳಿಯೋದು ಹತ್ತೋದು ಎಲ್ಲ ರೋಪ್ ಮೇಲೆ. ಇವ್ರ ಕೆಲ್ಸ ಏನಂದ್ರೆ ಆ ರೋಪನ್ನ ನಿಧಾನಕ್ಕೆ ಓಡ್ಸೋದು, ಕೈಯಲ್ಲಿ ಬಟ್ಟೆ ಹಿಡ್ಕೊಂಡು ರೋಪ್ ಮೇಲೆ ಇಟ್ಕೊಂಡು ನಿಲ್ಲೋದು. ತಂತಿ ಎಲ್ಲಾದ್ರೂ ತುಂಡಾಗಿದ್ರೆ ಬಟ್ಟೆ ಸಿಕ್ಕಿಹಾಕ್ಕೊಳ್ಳುತ್ತೆ. ನಿಲ್ಸು ಅಂತ ಸನ್ನೆ ಮಾಡ್ತಾರೆ, ಗ್ರೀಸ್ ಒರೆಸಿ ನೋಡ್ತಾರೆ, ಬುಕ್ಕಲ್ಲಿ ಬರೀತಾರೆ. ಚಿಕ್ಕೋನಿದ್ದಾಗ ನಾನು ಕೇಳಿದ್ದೆ, ದೊಡ್ಡಪ್ಪಾ, ದಪ್ಪ ಸರಪಳಿ ಹಾಕಿದ್ರೆ ಗಟ್ಟಿ ಅಲ್ವಾ, ತಂತಿ ಯಾಕೆ ಅಂತ. ಅವ್ರು ಹೇಳಿದ್ದು, "ಸರಪಳಿ ಕಳ್ಳ ಕಣೋ, ಹೇಳ್ದೇ ಹೋಗ್ತಾನೆ. ರೋಪು ಒಳ್ಳೇ ಬಾಡಿಗೆದಾರ, ಮೊದಲೇ ನೋಟಿಸ್ ಕೊಡ್ತಾನೆ."

ಎಷ್ಟೋ ವರ್ಷ ಆದ್ಮೇಲೆ ನನಗೆ ಗೊತ್ತಾಯ್ತು, ವೈರ್ ರೋಪ್ ಹುಟ್ಟಿದ್ದೇ ಆ ಕಾರಣಕ್ಕೆ ಅಂತ. ಜರ್ಮನಿಯ ಹಾರ್ಟ್ಸ್ ಬೆಟ್ಟದ ಬೆಳ್ಳಿ ಗಣಿಗಳಲ್ಲಿ ಸರಪಳಿ ಕಿತ್ತು ಕಿತ್ತು ಅನಾಹುತ ಆಗ್ತಿತ್ತು. ವಿಲ್ಹೆಲ್ಮ್ ಆಲ್ಬರ್ಟ್ ಅಂತ ಅಲ್ಲಿಯ ಗಣಿ ಅಧಿಕಾರಿ, ಆ ಸರಪಳಿಗೆ ಮತ್ತೆ ಮತ್ತೆ ಭಾರ ಹಾಕಿ ತೆಗೆದು, ಭಾರ ಜಾಸ್ತಿ ಆಗ್ದೇ ಇದ್ರೂ ಕಬ್ಬಿಣ ದಣಿದು ಮುರಿಯುತ್ತೆ ಅನ್ನೋದನ್ನ ಕಂಡ್ಕೊಂಡ. 1834ರಲ್ಲಿ ನಾಲ್ಕು ನಾಲ್ಕು ತಂತಿ ಹೊಸೆದು ಮೂರು ಎಳೆ, ಒಟ್ಟು ಹನ್ನೆರಡು ತಂತಿಯ ರೋಪ್ ಮಾಡಿ ಗಣಿಗೆ ಇಳಿಸಿದ. ಸರಪಳೀಲಿ ಒಂದು ಕೊಂಡಿ ಹೋದ್ರೆ ಪೂರ್ತಿ ಹೋಯ್ತು. ರೋಪಲ್ಲಿ ಒಂದು ತಂತಿ ಹೋದ್ರೆ ಪಕ್ಕದ ತಂತಿಗಳು ಹೊರೆ ಹೊತ್ಕೊಳ್ತಾವೆ, ಹೋಗಿರೋ ತಂತಿ ಮುಳ್ಳಿನ ಥರ ಎದ್ದು ನಿಂತು ತೋರ್ಸುತ್ತೆ.

ಈಗ ನಿಮ್ಮ ಈ ಕ್ರೇನಲ್ಲಿರೋದು ಆರು ಎಳೆ, ಒಂದೊಂದು ಎಳೇಲಿ ಮೂವತ್ತಾರು ತಂತಿ, ಒಟ್ಟು 216, ಮಧ್ಯದ ಕೋರ್ ಬಿಟ್ಟು. ರೋಪಿನ ದಪ್ಪದ ಎಂಟು ಪಟ್ಟು ಉದ್ದ ತಗೊಂಡು ಅದ್ರಲ್ಲಿ ಕಣ್ಣಿಗೆ ಕಾಣೋ ತುಂಡು ತಂತಿ ಒಟ್ಟು ತಂತಿಯ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಇದ್ರೆ ಆ ರೋಪು ಬಳಸೋ ಹಾಗಿಲ್ಲ ಅಂತ ಕಟ್ಟಡದ ನಿಯಮ ಹೇಳುತ್ತೆ. 16 ಎಂಎಂ ರೋಪಾದ್ರೆ 128 ಎಂಎಂ ಉದ್ದ, ಒಂದು ಗೇಣಿಗಿಂತ ಕಮ್ಮಿ, ಅದ್ರಲ್ಲಿ ಇಪ್ಪತ್ತೊಂದು ದಾಟಿದ್ರೆ ಕಥೆ ಮುಗೀತು. ನಾನಂತೂ ಅಷ್ಟರ ತನಕ ಕಾಯಲ್ಲ, ಒಂದೇ ಎಳೇಲಿ ಒಂದೇ ಕಡೆ ಗುಂಪಾಗಿ ನಾಲ್ಕೈದು ಹೋಗಿದ್ರೇನೇ ಬದಲಾಯಿಸಿ ಅಂತೀನಿ, ಓನರ್ ಮುಖ ಸಪ್ಪಗಾದ್ರೂ ಪರವಾಗಿಲ್ಲ. ವರ್ನಿಯರ್ ಇಟ್ಟು ಅಳೀಬೇಕಾದ್ರೆ ಎಳೆಯ ಉಬ್ಬಿನಿಂದ ಉಬ್ಬಿಗೆ ಅಳೀಬೇಕು, ಎರಡು ಎಳೆ ನಡುವಿನ ತಗ್ಗಿಗೆ ಇಟ್ಟು ಅಳೆದ್ರೆ ಸುಳ್ಳು ಬರುತ್ತೆ. ಹೊರಗೆ ತಂತಿ ಚೆನ್ನಾಗೇ ಇದ್ದು ದಪ್ಪ ಮಾತ್ರ ಕಮ್ಮಿ ಆಗಿದ್ರೆ ಒಳಗಿನ ಕೋರ್ ಸತ್ತಿದೆ ಅಂತ ಅರ್ಥ, ಹೊರಗೆ ಬೆಳ್ಳಗೆ ಕಾಣೋ ಹುಳುಕು ಹಲ್ಲಿನ ಥರ. ಮತ್ತೆ ದಯವಿಟ್ಟು ಬರಿಗೈಲಿ ರೋಪ್ ಸವರಬೇಡಿ. ಬನಿಯನ್ ವೇಸ್ಟ್ ಇರುತ್ತಲ್ಲ ಶೆಡ್ಡಲ್ಲಿ, ಅದನ್ನ ಹಿಡೀರಿ, ಗ್ಲೌಸ್ ಹಾಕ್ಕೊಳಿ. ನನ್ನ ಈ ಹೆಬ್ಬೆರಳು ನೋಡಿ, ಈ ಗೆರೆ, ಮೊದಲ್ನೇ ವರ್ಷದ್ದು.

ರೋಪ್ ಬಿಟ್ರೆ ನನ್ನ ಕಣ್ಣು ಹೋಗೋದು ಅಪ್ಪರ್ ಲಿಮಿಟ್ ಸ್ವಿಚ್ ಕಡೆ. ಹುಕ್ಕು ಮೇಲೆ ಹೋಗ್ತಾ ಹೋಗ್ತಾ ರೋಪ್ ಸುತ್ತೋ ಡ್ರಮ್ಮಿಗೆ ಬಡಿಯೋಕೆ ಮುಂಚೆ ಮೋಟಾರ್ ತಾನೇ ನಿಲ್ಲಬೇಕು, ಅದಕ್ಕೆ ಇರೋ ಸ್ವಿಚ್ ಅದು. ಅದು ಇಲ್ಲಾಂದ್ರೆ ಹುಕ್ ಬ್ಲಾಕ್ ಹೋಗಿ ಮೇಲೆ ಒತ್ಕೊಳ್ಳುತ್ತೆ, ಮೋಟಾರ್ ಎಳೀತಾನೇ ಇರುತ್ತೆ, ರೋಪ್ ಪಟ್ ಅನ್ನುತ್ತೆ, ಬ್ಲಾಕ್ ಸಮೇತ ಕೆಳಗೆ. ಒಂದು ಕಡೆ, ಹೆಸರು ಬೇಡ, ಊರೂ ಬೇಡ, ನಾನು ಇನ್ಸ್‌ಪೆಕ್ಷನ್‌ಗೆ ಹೋಗಿದ್ದೆ. ಕೆಳಗಿಂದ ಪೆಂಡೆಂಟಲ್ಲಿ, ಅಂದ್ರೆ ಕ್ರೇನಿಂದ ನೇತಾಡೋ ಬಟನ್ ಪೆಟ್ಟಿಗೇಲಿ, ಅಪ್ ಒತ್ತಿ ತೋರ್ಸಿದ್ರು, ಹುಕ್ಕು ಮೇಲೆ ಹೋಗಿ ನಿಂತ್ಕೊಂಡ್ತು. ನೋಡಿ ಸರ್ ಲಿಮಿಟ್ ಓಕೆ ಅಂದ್ರು. ನನಗೆ ಯಾಕೋ ಆಪರೇಟರ್ ಹೆಬ್ಬೆರಳ ಮೇಲೆ ಅನುಮಾನ. ಪೆಂಡೆಂಟ್ ಕೊಡಪ್ಪ ಇಲ್ಲಿ ಅಂತ ಇಸ್ಕೊಂಡು ನಾನೇ ಒತ್ತಿದೆ, ನಿಧಾನಕ್ಕೆ, ಇಂಚಿಂಚು. ಹುಕ್ಕು ನಿಲ್ಲೋ ಲಕ್ಷಣನೇ ಇಲ್ಲ. ಅಂದ್ರೆ ಮೊದಲ್ನೇ ಸಲ ನಿಂತಿದ್ದು ಸ್ವಿಚ್ಚಿಂದ ಅಲ್ಲ, ಅವನು ಕೈ ತೆಗೆದಿದ್ದಕ್ಕೆ! ಮೇಲೆ ಹತ್ತಿ ನೋಡಿದ್ರೆ ಲಿಮಿಟ್ ಸ್ವಿಚ್ಚಿನ ಎರಡು ವೈರ್ ಒಟ್ಟಿಗೆ ಸುತ್ತಿ ಟೇಪ್ ಹಾಕಿದಾರೆ, ಟೇಪ್ ಮೇಲೆ ಧೂಳು ಗಟ್ಟಿಯಾಗಿ ಕೂತಿದೆ, ಅಂದ್ರೆ ನಿನ್ನೆ ಮೊನ್ನೇದಲ್ಲ. ಅದಕ್ಕೂ ಹಿಂದಿನ ವರ್ಷದ ಸರ್ಟಿಫಿಕೇಟಲ್ಲಿ ಲಿಮಿಟ್ ಸ್ವಿಚ್ ಕಾರ್ಯನಿರ್ವಹಿಸುತ್ತಿದೆ ಅಂತ ಬರೆದಿತ್ತು.

ಆ ಆಪರೇಟರ್‌ನ ನಾನು ಬೈಲಿಲ್ಲ. ಊಟದ ಟೈಮಲ್ಲಿ ಪಕ್ಕದಲ್ಲಿ ಕೂತು ಕೇಳಿದೆ, ಯಾಕಪ್ಪ ಹೀಗೆ ಅಂತ. ಶೆಡ್ಡಿನ ಎತ್ತರ ಕಮ್ಮಿ ಸರ್, ದೊಡ್ಡ ಜಾಬ್ ಬಂದಾಗ ಲಿಮಿಟ್ ಕಟ್ಟಾಗಿ ಟ್ರೇಲರ್ ಮೇಲೆ ಹತ್ತಲ್ಲ, ಆವಾಗ ಎಲೆಕ್ಟ್ರಿಷಿಯನ್ ಒಂದಿನದ ಮಟ್ಟಿಗೆ ಶಾರ್ಟ್ ಮಾಡ್ಕೊಟ್ಟ ಅಂದ. ಒಂದಿನದ್ದು ಹಾಗೇ ಉಳ್ಕೊಂಡ್ತು. ಅವನಿಗೂ ಭಯ ಇತ್ತು, ಅದಕ್ಕೇ ಹುಕ್ಕಿನ ಮೇಲೆ ಕಣ್ಣಿಟ್ಟು ಕೈ ತೆಗೆಯೋದು ಅಭ್ಯಾಸ ಮಾಡ್ಕೊಂಡಿದ್ದ. ಚೆನ್ನಾಗಿ ಓಡಿಸೋ ಆಪರೇಟರೇ, ತಪ್ಪಿದ್ದು ಎಲ್ಲಿ ಅಂದ್ರೆ ಅವನ ಹೆಬ್ಬೆರಳು ಲಿಮಿಟ್ ಸ್ವಿಚ್ ಆಗಿಹೋಗಿತ್ತು, ಹೆಬ್ಬೆರಳಿಗೆ ನಿದ್ದೆ ಬರುತ್ತೆ, ಫೋನ್ ಬರುತ್ತೆ, ನೈಟ್ ಶಿಫ್ಟ್ ಇರುತ್ತೆ.

ಬ್ರೇಕ್ ಟೆಸ್ಟ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಭಾರ ಎತ್ತಿದಾಗ ಮೊದಲು ಒಂದು ಗೇಣು ಎತ್ತಿ ನಿಲ್ಸಿ, ಉಸಿರು ಬಿಗಿಹಿಡಿದು ನೋಡಿ. ಜಾರ್ತಿದ್ರೆ ಅಲ್ಲೇ ಇಳಿಸಿ. ಒಂದು ಗೇಣಿಂದ ಬಿದ್ರೆ ಸದ್ದು ಮಾತ್ರ, ನಾಲ್ಕು ಮೀಟರಿಂದ ಬಿದ್ರೆ ಪೊಲೀಸ್ ಬರ್ತಾರೆ.

ಇನ್ನು ಸೈಟಲ್ಲಿರೋರಿಗೆ, ಹೈಡ್ರಾ. ಹೆದ್ದಾರೀಲಿ ಮುಂದೆ ಬೂಮ್, ಅಂದ್ರೆ ಕ್ರೇನಿನ ತೋಳು, ಚಾಚ್ಕೊಂಡು ಹೋಗ್ತಿರುತ್ತಲ್ಲ, ಮುಂದೆ ಏನಿದೆ ಅಂತ ಡ್ರೈವರ್‌ಗೆ ಅರ್ಧ ಕಾಣದೇ ಇರೋ ಗಾಡಿ, ಅದೇ. ದೊಡ್ಡ ಸೈಟ್‌ಗಳಲ್ಲಿ ಎಷ್ಟೋ ಕಡೆ ಹಳೇ ಮಾದರೀನ ಗೇಟ್ ಒಳಗೇ ಬಿಡೋದಿಲ್ಲ ಈಗ. ಹದಿನಾಲ್ಕು ಟನ್ ಹೈಡ್ರಾ ಅಂತಾರೆ, ಆ ಹದಿನಾಲ್ಕು ಟನ್ ಅನ್ನೋದು ಬೂಮ್ ಪೂರ್ತಿ ಒಳಗಿದ್ದು ಭಾರ ಮೂತಿ ಹತ್ರ ಇದ್ದಾಗ ಮಾತ್ರ. ನಮ್ಮಮ್ಮ ಬಾವಿಯಿಂದ ತುಂಬಿದ ಬಿಂದಿಗೆ ತರೋರು, ಸೊಂಟದ ಮೇಲೆ ಕೂರಿಸ್ಕೊಂಡು ಇನ್ನೊಂದು ಕೈಯಲ್ಲಿ ನನ್ನ ಎಳ್ಕೊಂಡು ಆರಾಮಾಗಿ ಬರೋರು. ಅದೇ ಬಿಂದಿಗೇನ ಕೈ ಚಾಚಿ ಹಿಡೀರಿ ನೋಡೋಣ, ಹತ್ತು ಎಣಿಸೋ ಅಷ್ಟರಲ್ಲಿ ಭುಜ ಬಿದ್ದೋಗುತ್ತೆ. ಬಿಂದಿಗೆ ತೂಕ ಬದಲಾಗಿಲ್ಲ, ದೂರ ಬದಲಾಗಿದೆ. ಕ್ರೇನಿಗೂ ಲೆಕ್ಕ ಅದೇ, ಭಾರ ಗುಣಿಸು ದೂರ. ಕ್ಯಾಬಿನ್ನಲ್ಲಿ ಲೋಡ್ ಚಾರ್ಟ್ ಅಂಟಿಸಿರ್ತಾರೆ, ಅದ್ರ ಮೇಲೆ ದೇವರ ಫೋಟೋ ಅಂಟಿಸಿರ್ತಾರೆ ನಮ್ಮೋರು. ದೇವ್ರು ಬೇಕು, ಬೇಡ ಅನ್ನಲ್ಲ, ಸ್ವಲ್ಪ ಪಕ್ಕಕ್ಕೆ ಅಂಟಿಸಿ.

ಭಾರ ಕಟ್ಟಿ ಎತ್ತೋ ಬೆಲ್ಟ್ ವಿಷ್ಯ. ಬಣ್ಣ ಅಂದಕ್ಕೆ ಅಲ್ಲ. ನೇರಳೆ ಒಂದು ಟನ್, ಹಸಿರು ಎರಡು, ಹಳದಿ ಮೂರು, ಬೂದಿ ಬಣ್ಣ ನಾಲ್ಕು, ಕೆಂಪು ಐದು. ಟ್ಯಾಗ್ ಕಿತ್ತೋಗಿದ್ರೆ ಆ ಬೆಲ್ಟ್ ನನ್ನ ಲೆಕ್ಕದಲ್ಲಿ ಬಟ್ಟೆ ಒಣಗಾಕೋಕೆ ಮಾತ್ರ. ನಾನು ರಿಜೆಕ್ಟ್ ಮಾಡಿದ ಬೆಲ್ಟನ್ನ ಅಲ್ಲೇ ಕತ್ತರಿಸಿ ಎರಡು ತುಂಡು ಮಾಡಿಸ್ತೀನಿ, ಯಾಕಂದ್ರೆ ಮೂಲೆಗೆ ಎಸೆದ ಬೆಲ್ಟು ಮೂರು ದಿನ ಆದ್ಮೇಲೆ ಮತ್ತೆ ಹುಕ್ಕಲ್ಲಿ ಕಂಡಿದೆ ನನಗೆ. ಇನ್ನೊಂದು, ಎರಡು ಕಾಲಿನ ಸ್ಲಿಂಗ್, ಅಂದ್ರೆ ಒಂದೇ ಹುಕ್ಕಿಂದ ಭಾರಕ್ಕೆ ಎರಡು ಕಡೆ ಇಳಿಯೋ ಕಟ್ಟು, ಹಾಕಿದಾಗ ಕಾಲುಗಳ ಮಧ್ಯೆ ಕೋನ ಅಗಲ ಆದಷ್ಟೂ ಒಂದೊಂದು ಕಾಲಿನ ಮೇಲೆ ಹೊರೆ ಏರುತ್ತೆ. ಎರಡು ಟನ್ ಭಾರಕ್ಕೆ ಎರಡು ಕಾಲು, ತಲಾ ಒಂದು ಟನ್ ಅಂತ ಅಂದ್ಕೊಳ್ತೀವಿ, ಕಾಲುಗಳ ಮಧ್ಯೆ 120 ಡಿಗ್ರಿ ಆಯ್ತು ಅಂದ್ರೆ ಒಂದೊಂದು ಕಾಲಿಗೂ ಎರಡೆರಡು ಟನ್ ಬೀಳುತ್ತೆ. ಖಲಾಸಿ ಕೆಲಸದ ಹಳೇ ಮಂದಿಗೆ ಇದು ಲೆಕ್ಕ ಹಾಕ್ದೇ ಗೊತ್ತಿತ್ತು, ಎತ್ತರಕ್ಕೆ ಕಟ್ಟೋ, ಚಪ್ಪಟೆ ಕಟ್ಟಬೇಡ ಅಂತಿದ್ರು.

ಈಗ ಲೋಡ್ ಟೆಸ್ಟ್. ಇಪ್ಪತ್ತು ಟನ್ ತನಕದ ಕ್ರೇನಿಗೆ ಅದರ ಸಾಮರ್ಥ್ಯಕ್ಕಿಂತ ನೂರಕ್ಕೆ ಇಪ್ಪತ್ತೈದು ಜಾಸ್ತಿ ಎತ್ತಿ ನೋಡಬೇಕು, ಇಪ್ಪತ್ತರಿಂದ ಐವತ್ತಕ್ಕೆ ಐದು ಟನ್ ಜಾಸ್ತಿ, ಐವತ್ತರ ಮೇಲೆ ನೂರಕ್ಕೆ ಹತ್ತು. ನಿಮ್ಮ ಹತ್ತು ಟನ್ನಿನ ಕ್ರೇನಿಗೆ ಹನ್ನೆರಡೂವರೆ. ಲೋಡ್ ಟೆಸ್ಟ್ ಅಂದ ತಕ್ಷಣ ಎಲ್ರೂ ನೋಡೋಕೆ ಬರ್ತಾರೆ, ಮ್ಯಾನೇಜರ್ ಬರ್ತಾರೆ, ಫೋಟೋ ತೆಗೀತಾರೆ, ತೆಂಗಿನಕಾಯಿ ಒಡೀತಾರೆ. ನನಗೆ ಸಿಟ್ಟು ಬರೋದು ಇಲ್ಲೇ. ಟೆಸ್ಟ್ ಅಂದ್ರೆ ಈ ಕ್ರೇನ್ ತಡ್ಕೊಳ್ಳುತ್ತೋ ಇಲ್ವೋ ಗೊತ್ತಿಲ್ಲ ಅಂತ ತಾನೇ ಮಾಡ್ತಿರೋದು? ಗೊತ್ತಿಲ್ದೇ ಇರೋ ವಸ್ತುವಿನ ಕೆಳಗೆ ನಿಂತು ಸೆಲ್ಫಿನಾ? 2020ರ ಆಗಸ್ಟ್ 1ಕ್ಕೆ ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡಲ್ಲಿ 70 ಟನ್ ಸಾಮರ್ಥ್ಯದ ಕ್ರೇನು ಬಿತ್ತು, ಹನ್ನೊಂದು ಜನ ಸತ್ರು. ದಿನಾ ನಡೆಯೋ ಕೆಲ್ಸದಲ್ಲಿ ಬಿದ್ದಿದ್ದಲ್ಲ ಅದು, ಟ್ರಯಲ್ ಮಾಡ್ತಿರುವಾಗ ಬಿದ್ದಿದ್ದು. ಹೆಚ್ಚುಕಮ್ಮಿ ಸರಿಯಾಗಿ ಮೂರು ವರ್ಷಕ್ಕೆ, 2023ರ ಜುಲೈ 31 ಮತ್ತು ಆಗಸ್ಟ್ 1ರ ನಡುವಿನ ರಾತ್ರಿ, ಠಾಣೆ ಜಿಲ್ಲೆಯ ಶಹಾಪುರದ ಹತ್ರ ಸಮೃದ್ಧಿ ಹೆದ್ದಾರಿ ಕೆಲಸದಲ್ಲಿ ಸೇತುವೆಯ ತೊಲೆ ಎತ್ತಿ ಕೂರಿಸೋ ಗರ್ಡರ್ ಲಾಂಚರ್ ಕುಸಿದು ಇಪ್ಪತ್ತು ಜನ. ನಾನು ಟೆಸ್ಟ್ ಮಾಡುವಾಗ ಹಗ್ಗ ಕಟ್ಟಿಸ್ತೀನಿ, ಪೆಂಡೆಂಟ್ ಹಿಡ್ದಿರೋನು ಮತ್ತು ನಾನು ಬಿಟ್ರೆ ಹಗ್ಗದ ಒಳಗೆ ಎಂಡಿ ಬಂದ್ರೂ ಬಿಡಲ್ಲ. ಒಬ್ಬ ಎಂಡಿ ನನ್ನ ಮೇಲೆ ಮುನಿಸ್ಕೊಂಡು ಮುಂದಿನ ವರ್ಷ ಬೇರೆಯವ್ರನ್ನ ಕರೆಸ್ಕೊಂಡ್ರು, ಇರ್ಲಿ.

ಗಾಳಿ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗ್ತೀನಿ, ಯಾಕಂದ್ರೆ ಇನ್ನೇನು ಏಪ್ರಿಲ್ ಬಂತು, ಸಂಜೆ ನಾಲ್ಕಕ್ಕೆ ಇದ್ದಕ್ಕಿದ್ದ ಹಾಗೆ ಕಪ್ಪಾಗಿ ಮಾವಿನಕಾಯಿ ಉದುರಿಸೋ ಗಾಳಿ ಬರುತ್ತಲ್ಲ, ಅದೇ ಗಾಳಿ ನಿಮ್ಮ ಟವರ್ ಕ್ರೇನಿಗೂ ಬರುತ್ತೆ. ಗಾಳಿ ವೇಗ ಎರಡು ಪಟ್ಟಾದ್ರೆ ಒತ್ತಡ ನಾಲ್ಕು ಪಟ್ಟು. ಕೆಲ್ಸ ಮುಗ್ಸಿ ಇಳಿಯುವಾಗ ಟವರ್ ಕ್ರೇನಿನ ಸ್ಲ್ಯೂ ಬ್ರೇಕ್, ಅಂದ್ರೆ ತಿರುಗೋದನ್ನ ತಡೆಯೋ ಬ್ರೇಕ್, ಬಿಟ್ಟು ಇಳೀಬೇಕು, ಜಿಬ್, ಅಂದ್ರೆ ಮೇಲಿನ ಉದ್ದ ತೋಳು, ಗಾಳಿ ತಳ್ಳಿದ ಕಡೆಗೆ ತಾನೇ ತಿರುಗ್ಕೊಳ್ಳಲಿ ಅಂತ. ಹೊಸ ಹುಡುಗ್ರು ಇದನ್ನ ಉಲ್ಟಾ ಮಾಡ್ತಾರೆ, ತಿರುಗಾಡ್ದೇ ಇರ್ಲಿ ಅಂತ ಲಾಕ್ ಮಾಡಿ ಬರ್ತಾರೆ, ಆವಾಗ ಇಡೀ ಜಿಬ್ ಗಾಳಿಗೆ ಎದೆ ಕೊಟ್ಟು ನಿಲ್ಲುತ್ತೆ. ಮೆಕ್ಕಾದಲ್ಲಿ 2015ರ ಸೆಪ್ಟೆಂಬರ್ 11ಕ್ಕೆ ದೊಡ್ಡ ಮಸೀದಿ ಮೇಲೆ ಬಿದ್ದಿದ್ದು ಟವರ್ ಕ್ರೇನ್ ಅಲ್ಲ, ಟ್ಯಾಂಕರ್ ಥರ ಪಟ್ಟಿ ಮೇಲೆ ಓಡೋ ಕ್ರಾಲರ್ ಕ್ರೇನ್. ಕೆಲ್ಸ ಇಲ್ದೇ ಇರುವಾಗ, ಗಾಳಿ ಜೋರಾದಾಗ ಬೂಮ್ ಕೆಳಗಿಳಿಸ್ಬೇಕಿತ್ತು, ಮೇಲೆತ್ತಿಕೊಂಡೇ ಬಿಟ್ಟಿದ್ರು. ನೂರಕ್ಕೂ ಜಾಸ್ತಿ ಜನ ಹೋದ್ರು, ಹಜ್‌ಗೆ ಅಂತ ಹೋಗಿದ್ದ ಭಾರತದೋರೂ ಅದ್ರಲ್ಲಿ ಇದ್ರು. ಆ ಕ್ರೇನ್ ಅವತ್ತು ಏನೂ ಎತ್ತುತ್ತಾನೇ ಇರ್ಲಿಲ್ಲ. ಖಾಲಿ ಹುಕ್ಕು ಏನಾಗುತ್ತೆ ಸರ್ ಅಂತ ಬೆಳಿಗ್ಗೆ ಕೇಳಿದ್ರಲ್ಲ, ಅವ್ರು ಎಲ್ಲಿ ಕೂತಿದಾರೆ?

ಈಗ ನಮ್ಮ ಕಡೆಯೋರ ತಪ್ಪು. ನಮ್ಮಲ್ಲೇ, ಸರ್ಟಿಫಿಕೇಟ್ ಕೊಡೋರಲ್ಲೇ. ಹೋದ ತಿಂಗಳು ನನಗೊಂದು ವಾಟ್ಸಾಪ್ ಬಂತು, ನಾಲ್ಕು ಕ್ರೇನಿನ ನೇಮ್ ಪ್ಲೇಟ್ ಫೋಟೋ, ಕೆಳಗೆ ಸರ್ ಅರ್ಜೆಂಟ್ ಆಡಿಟ್ ಇದೆ ನಾಳೆಯೊಳಗೆ ಸರ್ಟಿಫಿಕೇಟ್ ಬೇಕು ಎಷ್ಟಾಗುತ್ತೆ ಅಂತ. ಬರ್ತೀನಿ, ಮೂರು ದಿನ ಬೇಕು ಅಂದೆ. ಬರೋದೇನೂ ಬೇಡ ಸರ್, ಕ್ರೇನ್ ಎಲ್ಲ ಹೊಸದು ಅಂದ್ರು. ಫೋಟೋದಲ್ಲಿ ಒಂದು ಪ್ಲೇಟಿನ ಮೇಲೆ 1994 ಅಂತ ಓದೋ ಹಾಗೇ ಇತ್ತು! ನಾನು ಬಿಟ್ಟೆ, ಇನ್ಯಾರೋ ಕೊಟ್ಟಿರ್ತಾರೆ. ನ್ಯೂಯಾರ್ಕಿನ ಕಥೆ ಹೇಳಿದೆನಲ್ಲ, ಅದೇ 2008ರ ಜೂನಲ್ಲಿ ಆ ಊರಿನ ಮುಖ್ಯ ಕ್ರೇನ್ ಇನ್ಸ್‌ಪೆಕ್ಟರನ್ನೇ ಲಂಚದ ಕೇಸಲ್ಲಿ ಹಿಡಿದ್ರು, ಆಮೇಲೆ ತಪ್ಪು ಒಪ್ಕೊಂಡು ಜೈಲಿಗೂ ಹೋದ. ನಮ್ಮ ದೇಶದಲ್ಲಿ ಮಾತ್ರ ಹೀಗೆ ಅಂತ ನಿಟ್ಟುಸಿರು ಬಿಡೋರಿಗೆ ಇದನ್ನ ಹೇಳ್ತಿರ್ತೀನಿ. ಆದ್ರೆ ಒಂದು ಕೇಳಿ, ಹತ್ತು ಕ್ರೇನ್ ಸರಿಯಾಗಿ ನೋಡೋಕೆ ನನಗೆ ಎರಡು ದಿನ ಬೇಕು, ಮೇಲೆ ಹತ್ತಬೇಕು, ಪ್ರೊಡಕ್ಷನ್ ನಿಲ್ಲಿಸ್ಬೇಕು. ಪಕ್ಕದೋನು ಕುರ್ಚೀಲಿ ಕೂತು ಅರ್ಧ ರೇಟಿಗೆ ಕೊಡ್ತಾನೆ. ಪರ್ಚೇಸ್ ಡಿಪಾರ್ಟ್‌ಮೆಂಟಿಗೆ ಎರಡೂ ಒಂದೇ ಪೇಪರು.

ಪ್ರಶ್ನೆ ಇದ್ರೆ ಕೇಳಿ ಅಂದೆ. ಸ್ವಲ್ಪ ಹೊತ್ತು ಯಾರೂ ಏಳ್ಲಿಲ್ಲ, ಆಮೇಲೆ ಹಿಂದಿಂದ ಒಬ್ಬ ಹುಡುಗ ಎದ್ದ. "ಸರ್, ಬೆಳಿಗ್ಗೆ ನೋಡಿ ರೋಪ್ ಸರಿ ಇಲ್ಲ ಅಂತ ನಾವು ಹೇಳಿದ್ರೆ ಸೂಪರ್‌ವೈಸರ್, ನೀನೇನು ಇಂಜಿನಿಯರಾ ಅಂತಾರೆ. ಏನ್ ಮಾಡೋದು?" ಎಲ್ರೂ ನಕ್ರು, ಸೂಪರ್‌ವೈಸರ್‌ಗಳು ಸ್ವಲ್ಪ ಕಮ್ಮಿ ನಕ್ರು. ಬಾಯಲ್ಲಿ ಹೇಳಬೇಡ, ಲಾಗ್ ಬುಕ್ಕಲ್ಲಿ ಬರೀ ಅಂದೆ. ತಾರೀಖು, ಟೈಮು, ಯಾವ ಕ್ರೇನು, ಡ್ರಮ್ಮಿಂದ ಎಷ್ಟು ದೂರದಲ್ಲಿ ಎಷ್ಟು ತಂತಿ ಹೋಗಿದೆ. ರೋಪ್ ಸರಿ ಇಲ್ಲ ಅಂದ್ರೆ ಅದು ನಿನ್ನ ಅಭಿಪ್ರಾಯ, ಜಗಳ ಆಡಬಹುದು. ಒಂಬತ್ತು ತಂತಿ ಅಂದ್ರೆ ಎಣಿಕೆ, ಎಣಿಕೆ ಜೊತೆ ಜಗಳ ಆಡೋಕೆ ಅವ್ರೂ ಮೇಲೆ ಹತ್ತಿ ಎಣಿಸ್ಬೇಕಾಗುತ್ತೆ, ಅದೇ ತಾನೇ ನಮಗೆ ಬೇಕಾಗಿರೋದು.

ಇನ್ನೊಬ್ರು, ವಯಸ್ಸಾದ ಆಪರೇಟರ್, ಕೇಳಿದ್ರು, ಸೆನ್ಸರ್ ಎಲ್ಲ ಬಂದಿದ್ಯಲ್ಲ ಸರ್, ಓವರ್‌ಲೋಡ್ ಆದ್ರೆ ತಾನೇ ಕಟ್ಟಾಗುತ್ತೆ, ಇನ್ನೂ ಬಟ್ಟೆ ಹಿಡ್ಕೊಂಡು ನಿಲ್ಲಬೇಕಾ ಅಂತ. ಒಳ್ಳೇ ಪ್ರಶ್ನೆ. ಸೆನ್ಸರ್ ಹಾಕ್ಸಿ, ಖಂಡಿತ ಹಾಕ್ಸಿ. ಆದ್ರೆ ಅದಕ್ಕೊಂದು ಬೈಪಾಸ್ ಕೀ, ಅಂದ್ರೆ ಸೆನ್ಸರನ್ನ ಸುಮ್ನಾಗಿಸೋ ಕೀ, ಇರುತ್ತೆ, ಆ ಕೀ ಬೀರೂಲಿ ಇರಬೇಕು. ಕಳೆದ ವರ್ಷ ನಾನು ನೋಡಿದ ಮೊಬೈಲ್ ಕ್ರೇನ್‌ಗಳಲ್ಲಿ ಎಷ್ಟೋ ಕಡೆ ಕೀ ಪ್ಯಾನಲ್ಲಲ್ಲೇ ನೇತಾಡ್ತಿತ್ತು, ಒಂದರಲ್ಲಿ ಅದಕ್ಕೆ ನಿಂಬೆಹಣ್ಣು ಮೆಣಸಿನಕಾಯಿ ಬೇರೆ ಕಟ್ಟಿದ್ರು.

ಚಹಾ ಆದ್ಮೇಲೆ ಆ ಹುಡುಗನ್ನೂ ಅವನ ಜೊತೆ ಇಬ್ಬರನ್ನೂ ಕರ್ಕೊಂಡು, ಮೇನ್ ಸ್ವಿಚ್ಚಿಗೆ ಬೀಗ ಹಾಕಿ ಬೀಗದ ಕೈ ನನ್ನ ಜೇಬಲ್ಲಿ ಇಟ್ಕೊಂಡು, ಸೇಫ್ಟಿ ಬೆಲ್ಟ್ ಹಾಕ್ಕೊಂಡು ಆ ತುದಿಯ ಏಣಿ ಹತ್ತಿದ್ವಿ. ಮೇಲೆ ಪಾರಿವಾಳದ ಹಿಕ್ಕೆ, ಗ್ರೀಸು, ಯಾರೋ ಯಾವ ಕಾಲದಲ್ಲೋ ಮರೆತು ಬಿಟ್ಟಿದ್ದ ಒಂದು ಸ್ಪ್ಯಾನರ್. ಆ ಸ್ಪ್ಯಾನರ್ ಬೆಳಿಗ್ಗೆ ಎಲ್ಲಿದ್ರೆ ಎಲ್ಲಿ ಬೀಳ್ತಿತ್ತು ಅಂತ ಮೂವರೂ ಕೆಳಗಿನ ಕುರ್ಚಿ ಕಡೆ ನೋಡಿದ್ರು, ನಾನೇನೂ ಹೇಳ್ಲಿಲ್ಲ. ಹುಡುಗ ವೇಸ್ಟ್ ಬಟ್ಟೆ ಹಿಡ್ದು ಕೈಗೆ ಸಿಕ್ಕಷ್ಟು ಉದ್ದ ರೋಪ್ ಸವರ್ಕೊಂಡು ಬಂದ, ಒಂದು ಕಡೆ ಬಟ್ಟೆ ನಿಂತ್ಕೊಂಡ್ತು. ಗ್ರೀಸ್ ಒರೆಸಿ, ಸ್ಕೇಲ್ ಇಟ್ಟು 128 ಎಂಎಂ ಗುರುತು ಮಾಡಿ ಎಣಿಸಿದ. ಮೂರು ತಂತಿ, ಎರಡು ಒಂದೇ ಎಳೇಲಿ. ಬದಲಾಯಿಸೋ ಅಂಥದ್ದಲ್ಲ, ಮರೆಯೋ ಅಂಥದ್ದೂ ಅಲ್ಲ. ಅಲ್ಲೇ ಹಳದಿ ಪೇಂಟ್ ಹಚ್ಚಿ, ಇಳಿದು ಬಂದು ಲಾಗ್ ಬುಕ್ ತರಿಸಿದ್ವಿ. ಬುಕ್ಕಲ್ಲಿ ಹಿಂದಿನ ಹನ್ನೊಂದು ತಿಂಗಳೂ ದಿನಾ ಒಂದೇ ಪೆನ್ನಲ್ಲಿ ಒಂದೇ ಪದ, ಓಕೆ. ಅದ್ರ ಕೆಳಗೆ ಹುಡುಗ ಬರೆದ: ಮಾರ್ಚ್ 4, ಮಧ್ಯಾಹ್ನ 1.20, ಮೇನ್ ಹಾಯಿಸ್ಟ್ ರೋಪ್, 3 ತಂತಿ, ಹಳದಿ ಗುರುತು. ಹುಕ್ಕಿನ ಲ್ಯಾಚ್ ಇಲ್ಲ.

ಹುಕ್ಕಿನ ಬಾಯಿಂದ ಬೆಲ್ಟ್ ಜಾರದ ಹಾಗೆ ತಡೆಯೋ ಆ ಲ್ಯಾಚ್ ಇಲ್ಲದೇ ಇರೋದು ನಾನು ನೋಡಿರ್ಲಿಲ್ಲ. ಅವನು ನೋಡಿದ್ದ.